ಅರ್ಧ ಚಾವಿಯ ಜೀಪು

ಬಸವೇಶ್ವರಿ ಅಂಗಳದಲ್ಲಿ ಒಣಹಾಕಿದ್ದ ಸಂಡಿಗೆ ಕರ್ರಗಾದದ್ದೇ ಎಲ್ಲಕ್ಕೂ ಮೂಲ. ಅವಳ ಗಂಡ ನಾಗಲಿಂಗ ಎಂದಿನಂತೆ ಜೀಪಿನ ಬಾನೆಟ್ ಎತ್ತಿ, ಇಂಜಿನ್ನಿನ ದನಿ ಕೇಳುವ ಖುಷಿಗೆಂದೇ ರೇಸ್ ಕೊಟ್ಟಿದ್ದ. ಹಿಂದಿನ ಹೊಗೆಕೊಳವೆ ಒಮ್ಮೆ ಕೆಮ್ಮಿ, ಬೆಳ್ಳಗೆ ಹರಡಿದ್ದ ಸಂಡಿಗೆಯ ಮೇಲೆ ಮಸಿ ಉಗುಳಿತು. ಬಸವೇಶ್ವರಿ ಕೂಗಾಡಲಿಲ್ಲ. ಸಂಡಿಗೆ ಹಾಕಿದ್ದ ಹಳೆಯ ಸೀರೆಯನ್ನು ನಾಲ್ಕೂ ಮೂಲೆ ಹಿಡಿದು ಎತ್ತಿ ತಂದು ಗಂಡನ ಮುಂದಿಟ್ಟಳು.

"ಈ ಮನ್ಯಾಗ ಒಂದ ಅದು ಇರಬೇಕು, ಇಲ್ಲಾ ನಾ ಇರಬೇಕು. ವಿಚಾರ ಮಾಡ್ರಿ" ಎಂದಳು.

ನಾಗಲಿಂಗ ವಿಚಾರ ಮಾಡಲು ತುಸು ಹೆಚ್ಚೇ ಹೊತ್ತು ತೆಗೆದುಕೊಂಡ. ಅದು ಅವನು ಮಾಡಿದ ಎರಡನೆಯ ತಪ್ಪು. ಅವಳು ತವರೂರು ಇಳಕಲ್ಲಿಗೆ ಫೋನ್ ಹಚ್ಚಿ, ಅಲ್ಲಿನ ತನ್ನ ಓಣಿಯ, ತಾನು ಕಾಕಾ ಎಂದು ಕರೆಯುವ ಇಬ್ರಾಹಿಂಸಾಬರೊಡನೆ ಮಾತಾಡಿದಳು. ಇಬ್ರಾಹಿಂಸಾಬರು ಹಳೆಯ ಗಾಡಿಗಳನ್ನು ಕೊಂಡು ಮಾರುವವರು. ಅಲ್ಲಿನ ಕಲ್ಲಿನ ಕ್ವಾರಿಯವರಿಗೆ ತಗ್ಗುದಿನ್ನೆಯಲ್ಲಿ ಓಡಾಡಲು ಇಂಥದೇ ಒಂದು ಡೀಸೆಲ್ ಜೀಪು ಬೇಕಾಗಿತ್ತು. ಬಂದು ನೋಡುತ್ತೇನೆ, ಪಸಂದಾದರೆ ಅವತ್ತೇ ಒಯ್ಯುತ್ತೇನೆ ಎಂದರು. ನಾಗಲಿಂಗನೂ ಹೂಂ ಅಂದ. ಹೆಂಡತಿಯ ಮುಖ ನೋಡಿದರೆ ಬೇರೇನೂ ಅನ್ನುವಂತಿರಲಿಲ್ಲ.

ಬಾದಾಮಿಯ ಗುಡ್ಡದ ಬುಡದಲ್ಲಿ ನಾಗಲಿಂಗನ ಮನೆಯಿದ್ದ ಓಣಿಯಲ್ಲಿ ಜೀಪಿಗೂ ಅವನಿಗೂ ಬೇರೆ ಬೇರೆ ಹೆಸರಿರಲಿಲ್ಲ. ಒಂದು ಕಾಲಕ್ಕೆ ಅವನು ಮಹಾಕೂಟಕ್ಕೂ ಪಟ್ಟದಕಲ್ಲಿಗೂ ಮಂದಿಯನ್ನು ಹೇರಿಕೊಂಡು ಓಡಾಡಿದ್ದ. ಆಟೋಗಳು ಬಂದ ಮೇಲೆ ಆ ಮಂದಿ ಅತ್ತ ಸರಿದರು, ಜೀಪು ಮನೆಯ ಮುಂದೆ ಉಳಿಯಿತು. ಅದಕ್ಕೆ ಅವನು ಮಾಡುತ್ತಿದ್ದ ಆರೈಕೆ ಮಾತ್ರ ಕಡಿಮೆಯಾಗಲಿಲ್ಲ. ಆಯಿಲ್ ಕರ್ರಗಾಗುವ ಮೊದಲೇ ಬದಲಿಸುತ್ತಿದ್ದ, ಡೀಸೆಲ್ಲನ್ನು ಬಟ್ಟೆಯಲ್ಲಿ ಸೋಸಿಯೇ ಹಾಕುತ್ತಿದ್ದ. ಹಳೆಯ ಜೀಪಿನವರ ರೂಢಿಯಂತೆ ಅದನ್ನು ಇಳಿಜಾರಿನಲ್ಲೇ ನಿಲ್ಲಿಸಿ ಗಾಲಿಗೊಂದು ಕಲ್ಲು ಕೊಡುತ್ತಿದ್ದನಾದರೂ, ನೂಕುವ ಪ್ರಸಂಗ ಬಂದೇ ಇರಲಿಲ್ಲ. "ನಮ್ದು ಅರ್ಧ ಚಾವಿ ಗಾಡಿ. ಪೂರಾ ತಿರುವೂದ ಬ್ಯಾಡ" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಇಡೀ ಊರಿನಲ್ಲಿ ನಾಗಲಿಂಗನ ಮಾತನ್ನು ಒಂದೇ ಸಲಕ್ಕೆ ಕೇಳುತ್ತಿದ್ದುದು ಆ ಇಂಜಿನ್ ಒಂದೇ. ಅದು ಹೋದರೆ ತಾನು ಯಾರು ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ.

ಇಬ್ರಾಹಿಂಸಾಬರು ಬರುವ ದಿನ ನಸುಕಿನಲ್ಲೇ ಎದ್ದು ಹೊರಗೆ ಬಂದ. ಬಾನೆಟ್ಟಿಗೆ ಹಣೆ ಹಚ್ಚಿ ನಿಂತ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಆಮೇಲೆ ತಿರುಪು ಬಿಚ್ಚುವ ಸಣ್ಣ ಪಾನಾ ತೆಗೆದುಕೊಂಡು, "ನನ್ನ ತಪ್ಪು ಹೊಟ್ಯಾಗ ಹಾಕ್ಕೋ" ಎಂದು ಡೀಸೆಲ್ ಫಿಲ್ಟರಿನ ತಲೆಯ ಮೇಲಿನ ತಿರುಪನ್ನು ಸಡಿಲ ಮಾಡಿದ. ಡೀಸೆಲ್ ಕೊಳವೆಯೊಳಗೆ ಗಾಳಿ ಹೊಕ್ಕರೆ ಎಂಥ ಇಂಜಿನ್ನೂ ಏಳುವುದಿಲ್ಲ. ಏಳದ ಗಾಡಿಯನ್ನು ಯಾರೂ ಒಯ್ಯುವುದಿಲ್ಲ. ಹಿಂದೆ ಕಿಟಕಿಯ ಸಪ್ಪಳವಾದಂತಾಯಿತು. ತಿರುಗಿ ನೋಡಿದರೆ ಯಾರೂ ಇರಲಿಲ್ಲ. ಒಳಗೆ ಹೋದಾಗ ಬಸವೇಶ್ವರಿ ಹಿತ್ತಲಲ್ಲಿ ನಿಂತು ಫೋನಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದಳು. ಇವನನ್ನು ಕಂಡು ಇಟ್ಟುಬಿಟ್ಟಳು. ಜೀಪು ಹೋಗುವ ಸುದ್ದಿಯನ್ನು ತವರಿಗೆ ಹೇಳುತ್ತಿದ್ದಾಳೆ ಎಂದುಕೊಂಡು ಅವನಿಗೆ ಇನ್ನಷ್ಟು ಸಂಕಟವಾಯಿತು.

ಬಿಸಿಲೇರುವ ಹೊತ್ತಿಗೆ ಎದುರು ಮನೆಯ ಶಿವಬಸವ್ವ ಕಟ್ಟೆಯ ಮೇಲೆ ಬಂದು ಕುಳಿತಳು. ಓಣಿಯ ಹುಟ್ಟು, ಸಾವು, ನೆಂಟಸ್ತನ ಯಾವುದೂ ಆ ಮುದುಕಿಯ ಕಟ್ಟೆ ದಾಟದೆ ನಡೆಯುತ್ತಿರಲಿಲ್ಲ.

"ಇಳಕಲ್ಲಿನೋರು ಬರೂಕಿಂತ ಮದ್ಲ ಒಮ್ಮೆ ಚಾಲೂ ಮಾಡಿ ನೋಡೋ ನಾಗಲಿಂಗಾ. ಪರವೂರೋರ ಮುಂದ ಓಣಿ ಮಾನ ಹೋಗಬಾರದು."

ನಾಗಲಿಂಗ ಚಾವಿ ತಿರುವಿದ. ಇಂಜಿನ್ ಕೊಸರಾಡಿ ಸುಮ್ಮನಾಯಿತು. ಅವನು ತಲೆ ಕೆಳಗೆ ಹಾಕಿ, "ಇವತ್ತ ಯಾಕೋ ಮುನಿಸ್ಕೊಂಡೈತಿ ಯವ್ವಾ" ಎಂದ.

ಅವನ ಪಾಲಿಗೆ ಮಾತು ಅಲ್ಲಿಗೆ ಮುಗಿದಿತ್ತು. ಆದರೆ ಪಕ್ಕದ ಮನೆಯ ಅಕ್ಬರಸಾಬರು ಇಡೀ ಆಯುಷ್ಯ ಬಸ್ಸು ಓಡಿಸಿ ನಿವೃತ್ತರಾದವರು. ಡೀಸೆಲ್ ಇಂಜಿನ್ ಏಳಲಿಲ್ಲ ಎಂಬ ಸಪ್ಪಳ ಕಿವಿಗೆ ಬಿದ್ದರೆ ಅವರಿಗೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಬನಿಯನ್ನಿನಲ್ಲೇ ಬಂದರು, ಬಾನೆಟ್ಟಿನೊಳಗೆ ಮುಖ ಹಾಕಿದರು.

"ಏರ್ ಹಿಡದೈತಿ. ಈ ತಿರುಪ ಸಡ್ಲ ಆಗೇತಿ ನೋಡು. ನೀ ನೋಡಿಲ್ಲೇನು?"

"ಕುಲುಕಾಟಕ್ಕ ಆಗಿರಬೇಕ್ರಿ" ಎಂದ ನಾಗಲಿಂಗ, ಬೇರೆಲ್ಲೋ ನೋಡುತ್ತ.

"ನಿಂತ ಗಾಡಿಗಿ ಎಲ್ಲಿ ಕುಲುಕಾಟೋ?" ಎಂದು ಕೇಳಿದರಾದರೂ ಉತ್ತರಕ್ಕೆ ಕಾಯದೆ ಕೈಪಂಪು ಒತ್ತಿ, ಗಾಳಿಯನ್ನೆಲ್ಲ ಗುಳ್ಳೆ ಗುಳ್ಳೆಯಾಗಿ ಹೊರಗೆ ಹಾಕಿ, ತಿರುಪು ಬಿಗಿದರು. ಆಮೇಲೆ ಲುಂಗಿಗೆ ಕೈ ಒರೆಸಿಕೊಂಡು, "ತಡಿ, ಕನ್ನಡಕಾ ಹಾಕ್ಕೊಂಡು ಬಂದು ಚಾಲೂ ಮಾಡೂಣು" ಎಂದು ಒಳಗೆ ಹೋದರು.

ಅಷ್ಟೇ ಹೊತ್ತಿನಲ್ಲಿ ನಾಗಲಿಂಗ ಬ್ಯಾಟರಿಯ ತಂತಿ ಕಿತ್ತು ಮರೆಗೆ ಸರಿಸಿದ. ಅಕ್ಬರಸಾಬರು ಬಂದು ಚಾವಿ ತಿರುವಿದರೆ ಜೀಪು ಟಿಕ್ ಎಂದೂ ಅನ್ನಲಿಲ್ಲ. ಇನ್ನಾದರೂ ಬಿಟ್ಟಾರು ಎಂದು ಅವನು ಉಸಿರು ಬಿಡುವಷ್ಟರಲ್ಲಿ ಕಟ್ಟೆಯಿಂದ ಶಿವಬಸವ್ವನ ದನಿ ಕೇಳಿತು.

"ಬ್ಯಾಟರಿ ಸತ್ರ ಇಳಿಜಾರು ಸತ್ತಿಲ್ಲ. ನೂಕ್ರಿ."

ಓಣಿಯೇ ಬಂತು. ಗಿರಣಿಗೆ ಹೊರಟವರು ಹಿಟ್ಟಿನ ಡಬ್ಬಿ ಕೆಳಗಿಟ್ಟು ಬಂದರು. ಯಾರೋ ಗಾಲಿಯ ಕಲ್ಲು ಒದ್ದರು. ಅಕ್ಬರಸಾಬರು ಗೇರು ಹಾಕಿ ಕ್ಲಚ್ ಒತ್ತಿ ಕುಳಿತಿದ್ದರು. ನಾಗಲಿಂಗನೂ ನೂಕಲೇಬೇಕಾಯಿತು. ನೂಕಿದಂತೆ ತೋರಿಸಿ ಹಿಂದಕ್ಕೆ ಜಗ್ಗಿದ. ಹಿಂದಕ್ಕೆ ಜಗ್ಗುವವನು ಒಬ್ಬ, ಮುಂದಕ್ಕೆ ನೂಕುವವರು ಊರಮಂದಿ. ಜೀಪು ಇಳಿಜಾರು ಹಿಡಿಯಿತು, ಕ್ಲಚ್ ಬಿಟ್ಟದ್ದೇ ಇಂಜಿನ್ ಎದ್ದು ಕೂತಿತು. ಹಳೆಯ ಡೀಸೆಲ್ ಇಂಜಿನ್ನಿಗೆ ಒಮ್ಮೆ ಉಸಿರು ಬಂದರೆ ಮತ್ತೆ ಬ್ಯಾಟರಿಯ ಹಂಗಿಲ್ಲ. ಇದು ಎಲ್ಲರಿಗಿಂತ ಚೆನ್ನಾಗಿ ನಾಗಲಿಂಗನಿಗೇ ಗೊತ್ತಿತ್ತು. ಮೋಸ ಮಾಡಿದರೂ ಮೋಸ ಹೋಗದ ಅದರ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ, ಹೆಮ್ಮೆಯೇ ಬಂತು.

ಅಕ್ಬರಸಾಬರು ಊರು ಸುತ್ತಿ ಬಂದು, ಕಳಚಿದ್ದ ಬ್ಯಾಟರಿಯ ತಂತಿ ಹುಡುಕಿ ಸಿಕ್ಕಿಸಿ, ಜೀಪನ್ನು ಮೊದಲಿನ ಜಾಗದಲ್ಲೇ ನಿಲ್ಲಿಸಿದರು. ಎಲ್ಲರೂ ಕೈಗೆ ಹತ್ತಿದ ಮಸಿ ತೊಳೆದುಕೊಳ್ಳುತ್ತಿದ್ದಾಗಲೇ ಬಸ್ ಸ್ಟ್ಯಾಂಡಿನ ಕಡೆಯಿಂದ ಇಬ್ರಾಹಿಂಸಾಬರು ನಡೆದು ಬಂದರು. ಬೆಳ್ಳನೆಯ ಗಡ್ಡ, ತೋಳಿಗೊಂದು ಕೊಡೆ. ಬಾಗಿಲಲ್ಲಿ ನಿಂತಿದ್ದ ಬಸವೇಶ್ವರಿಯನ್ನೊಮ್ಮೆ ನೋಡಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟರು.

"ಬಿಸಿ ಐತಿ" ಎಂದರು.

"ಈಗ ಒಂದ್ ಸುತ್ತ ಹೋಗಿ ಬಂದ್ವಿ" ಎಂದರು ಅಕ್ಬರಸಾಬರು.

"ಗಿರಾಕಿ ಬರೂದ್ರಾಗ ಇಂಜಿನ್ ಬಿಸಿ ಮಾಡಿಟ್ಟಾರಂದ್ರ, ತಣ್ಣಗಿದ್ದಾಗ ಅದು ಏಳೂದಿಲ್ಲ ಅಂತ ಅರ್ಥ. ಮ್ಯಾಲ ಇಷ್ಟು ಮಂದಿ ಕೈಗೆ ಮಸಿ. ನೂಕಲಿಕ್ಕ ಒಂದು ಓಣೀನ ಬೇಕಾಗೂ ಗಾಡಿ ಕ್ವಾರಿಯೋರಿಗೆ ಏನ್ ಉಪಯೋಗ? ನನಗ ಬ್ಯಾಡ್ರಿ ಅಳಿಯಂದ್ರ." ತಮ್ಮ ಓಣಿಯ ಮಗಳ ಗಂಡನೆಂದು ಅವರು ನಾಗಲಿಂಗನನ್ನು ಹಾಗೇ ಕರೆಯುತ್ತಿದ್ದರು. ಕೊಡೆ ಬಿಚ್ಚಿಕೊಂಡು ಬಂದ ದಾರಿಯಲ್ಲೇ ತಿರುಗಿ ನಡೆದರು.

ಜೀಪು ಉಳಿಯಿತು. ನಾಗಲಿಂಗನ ಎದೆ ಹೂವಿನಷ್ಟು ಹಗುರಾಯಿತು. ಬಾಗಿಲಲ್ಲಿ ಬಸವೇಶ್ವರಿಯ ಮುಖದಲ್ಲೂ ಯಾಕೋ ಬೇಸರ ಕಾಣಲಿಲ್ಲ. ಅಷ್ಟರಲ್ಲಿ ಶಿವಬಸವ್ವ ಕಟ್ಟೆಯಿಂದ ಇಳಿದು ಬಂದು ಅವನ ಮುಖ ನೋಡಿದಳು.

"ಹಂಗಾರ ಇಷ್ಟು ವರ್ಷ ಅರ್ಧ ಚಾವಿ, ಅರ್ಧ ಚಾವಿ ಅಂತಿದ್ದೆಲ್ಲ, ಅದು ಸುಳ್ಳೇನೋ?"

ಯಾರೂ ನಗಲಿಲ್ಲ. ನಕ್ಕಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಎಲ್ಲರೂ ಮರುಕದಿಂದ ಜೀಪಿನತ್ತ ನೋಡಿದರು. ಆ ಮರುಕ ನಾಗಲಿಂಗನಿಗೆ ಚುಚ್ಚಿತು. ತನಗೆ ಏನಂದರೂ ನಡೆಯುತ್ತಿತ್ತು, ಜೀಪಿಗೆ ಅಂದದ್ದು ನಡೆಯುವಂತಿರಲಿಲ್ಲ. ಚಪ್ಪಲಿ ಮೆಟ್ಟದೆ ಓಡಿದ. ಬಸ್ ಹತ್ತಲು ಒಂದು ಕಾಲು ಎತ್ತಿದ್ದ ಇಬ್ರಾಹಿಂಸಾಬರನ್ನು ಕೊಡೆ ಹಿಡಿದು ಇಳಿಸಿ ಕರೆತಂದ.

"ಒಲ್ಲೆ ಅಂದೋರ್ನ ಯಾಕ ಹಿಡ್ಕೊಂಡ ಬಂದ್ರಿ?" ಎಂದಳು ಬಸವೇಶ್ವರಿ.

"ನೀ ಸುಮ್ನಿರು. ಕೂಡ್ರಿ ಸಾಹೇಬ್ರ. ಇಂಜಿನ್ ತಣ್ಣಗಾಗ್ಲಿ, ನೀವ ಚಾವಿ ತಿರುವ್ರಿ."

"ಬ್ಯಾಡ ಬಿಡ್ರಿ ಅಳಿಯಂದ್ರ. ನನಗ ಹುನಗುಂದದಾಗ ಕೆಲಸ ಐತಿ."

"ಆ ಮಾತು ಆಡಿ ನೀವು ಹಂಗ ಹೋಗೂಹಂಗಿಲ್ರಿ."

ಇಬ್ರಾಹಿಂಸಾಬರು ಬಸವೇಶ್ವರಿಯತ್ತ ನೋಡಿದರು, ತಮ್ಮ ಕೊಡೆಯತ್ತ ನೋಡಿದರು, ಕುಳಿತರು. ಅವರಿಗೆ ರೊಟ್ಟಿ ಊಟವಾಯಿತು. ಓಣಿಯ ಮಂದಿ ಜೀಪಿನ ಸುತ್ತ ಗಂಭೀರವಾಗಿ ಕುಳಿತು, ಜ್ವರ ಇಳಿಯುವುದನ್ನು ಕಾಯುವವರಂತೆ ಕಾದರು. ಆಗಾಗ ಯಾರಾದರೂ ಎದ್ದು ಬಾನೆಟ್ ಮುಟ್ಟಿ, ಇನ್ನೂ ಇಲ್ಲ ಎಂದು ತಲೆ ಆಡಿಸುತ್ತಿದ್ದರು. "ಕಾಕಾ, ಇದು ಇವತ್ತ ತಣ್ಣಗಾಗೂದಿಲ್ಲ. ನೀವು ಬಸ್ಸಿಗೆ ಹೋಗ್ರಿ" ಎಂದು ಬಸವೇಶ್ವರಿ ಮತ್ತೆ ಮತ್ತೆ ಹೇಳಿದಳು. ತನ್ನ ಜೀಪಿನ ಮೇಲೆ ಹೆಂಡತಿಗೆ ಇಷ್ಟೂ ನಂಬಿಕೆ ಇಲ್ಲವೇ ಎಂದು ನಾಗಲಿಂಗನ ಹಟ ಇನ್ನೂ ಗಟ್ಟಿಯಾಯಿತು.

ಬಿಸಿಲು ಇಳಿದು, ಬಾನೆಟ್ ಕೊಡಪಾನದಷ್ಟು ತಣ್ಣಗಾಯಿತು. ಇಬ್ರಾಹಿಂಸಾಬರು ಒಲ್ಲದ ಮನಸ್ಸಿನಿಂದ ಹತ್ತಿ ಕುಳಿತು, ಚಾವಿಯನ್ನು ಅರ್ಧ ತಿರುವಿದರು. ಇಂಜಿನ್ ತಟಕ್ಕನೆ ಎದ್ದಿತು. ಕೆಮ್ಮಲಿಲ್ಲ, ಉಗುಳಲಿಲ್ಲ, ಒಂದೇ ಲಯದಲ್ಲಿ ಗುಡುಗುಟ್ಟತೊಡಗಿತು. ಓಣಿ ನಿಟ್ಟುಸಿರು ಬಿಟ್ಟಿತು. ಇಬ್ರಾಹಿಂಸಾಬರು ಕಣ್ಣು ಮುಚ್ಚಿ ಆ ದನಿಯನ್ನು ಬಹಳ ಹೊತ್ತು ಕೇಳಿದರು.

"ಇಂಥಾ ಇಂಜಿನ್ ಬಿಟ್ಟು ಹೋದ್ರ ಈ ಧಂದೆದಾಗ ನನಗ ಮರ್ಯಾದಿ ಇರೂದಿಲ್ಲ. ಈಗ ಯಾವ ನೆಪ ಹೇಳ್ಲಿ?" ಎಂದು ತಮ್ಮಷ್ಟಕ್ಕೆ ಅಂದುಕೊಂಡಂತೆ ಹೇಳಿದರು.

"ನೆಪ ಯಾಕ ಬೇಕ್ರಿ? ಒಯ್ರಿ" ಎಂದ ನಾಗಲಿಂಗ, ಎದೆ ಮುಂದೆ ಮಾಡಿ.

ಕೊಡುವುದು ತೆಗೆದುಕೊಳ್ಳುವುದು ಅಲ್ಲೇ ಮುಗಿಯಿತು. ಹೊರಡುವಾಗ ಇಬ್ರಾಹಿಂಸಾಬರು ಬಸವೇಶ್ವರಿಗೆ, "ಮಾಫ್ ಮಾಡವ್ವಾ" ಎಂದರು. ಯಾಕೆಂದು ನಾಗಲಿಂಗನಿಗೆ ತಿಳಿಯಲಿಲ್ಲ. ಜೀಪಿನ ದನಿ ಗುಳೇದಗುಡ್ಡದ ದಾರಿ ಹಿಡಿದು ಸಣ್ಣಗಾಗುತ್ತ ಹೋಗಿ, ಕೇಳದಾಯಿತು. ಆಗಲೇ ಅವನಿಗೆ ತಾನು ಮಾಡಿದ್ದು ಅರಿವಾದದ್ದು.

ಒಳಗೆ ಬಸವೇಶ್ವರಿ ಒಲೆ ಹಚ್ಚದೆ ಗೋಡೆಗೆ ಒರಗಿ ಕುಳಿತಿದ್ದಳು. ಕಣ್ಣು ಕೆಂಪಾಗಿದ್ದವು.

"ಈಗ ಸಮಾಧಾನ ಆತಿಲ್ಲೋ?" ಎಂದು ಕೇಳಿದ.

"ನಸಿಕಿನ್ಯಾಗ ನೀವು ಅದಕ್ಕ ಹಣಿ ಹಚ್ಚಿ ಅಳೂದು ನೋಡಿದೆ. ತಡಿಲಿಕ್ಕಾಗಲಿಲ್ಲ. ಹಿತ್ತಲಕ್ಕ ಹೋಗಿ ಕಾಕಾಗ ಫೋನ್ ಹಚ್ಚಿದೆ" ಎಂದಳು. "ಮಾರೂದು ಬ್ಯಾಡ ಅಂತ ನಾ ಹೆಂಗ ಅನ್ಲಿ, ಮಾರ್ತೀವಿ ಅಂತ ಓಣಿ ತುಂಬ ಹೇಳ್ಕೊಂಡಿದ್ದೆ. 'ಬಂದಂಗ ಮಾಡ್ರಿ, ಏನರೆ ಒಂದು ಕುಂದು ತಗದು ಒಲ್ಲೆ ಅಂತ ಹೋಗಿಬಿಡ್ರಿ' ಅಂದೆ. ಪಾಪ, ಅವರು ಹಂಗ ಮಾಡಿದ್ರು. ನೀವ ಬಿಡಲಿಲ್ಲ."

ನಾಗಲಿಂಗ ಹೊರಗೆ ಬಂದ. ಇಳಿಜಾರಿನಲ್ಲಿ ಒಂದು ಆಯಿಲಿನ ಕಲೆ, ಪಕ್ಕದಲ್ಲಿ ಗಾಲಿಗೆ ಕೊಡುತ್ತಿದ್ದ ಕಲ್ಲು. ಎದುರಿನ ಕಟ್ಟೆಯಿಂದ ಶಿವಬಸವ್ವ ಸಂತೋಷದಿಂದ ಮಾತಾಡಿಸಿದಳು.

"ಖರೆನ ಅರ್ಧ ಚಾವಿ ನೋಡಪಾ. ಓಣಿ ಮಾನ ಉಳಿಸಿದಿ."

"ಹೌದಬೇ, ಉಳೀತು" ಎಂದ ನಾಗಲಿಂಗ. ಆಮೇಲೆ ಬಗ್ಗಿ ಆ ಕಲ್ಲನ್ನು ಎತ್ತಿಕೊಂಡು ಒಳಗೆ ಒಯ್ದು, ಬಾಗಿಲ ಮೂಲೆಯಲ್ಲಿ ಇಟ್ಟ.