ಒಪೆರಾ ಕೇಳಿದವರು ಯಾರೂ ಒಪ್ಪರು!

"ಭದ್ರಾವತಿಗೆ ಒಪೆರಾ ತಂದೇ ತರ್ತೀನಿ!" ಅಂತ ತೊಂಬತ್ತೇಳನೇ ಇಸವಿಯಲ್ಲಿ ನಾನೊಂದು ಭೀಷ್ಮ ಪ್ರತಿಜ್ಞೆ ಮಾಡಿದೆ. ಭೀಷ್ಮನಿಗಾದ್ರೂ ಶರಶಯ್ಯೆ ಸಿಕ್ಕಿತು, ಮಲಗಿದ. ನನಗೆ ಶಿವಮೊಗ್ಗ-ಭದ್ರಾವತಿ ಬಸ್ಸಿನಲ್ಲಿ ಕೂರೋಕೆ ಸೀಟೂ ಸಿಗಲಿಲ್ಲ!

ಬೆಂಗಳೂರಿನ ಫುಟ್‌ಪಾತಿನಲ್ಲಿ ಕೊಂಡ ಒಂದು ಇಟಾಲಿಯನ್ ಕ್ಯಾಸೆಟ್ಟೇ ಇದಕ್ಕೆಲ್ಲ ಮೂಲ. ಒಬ್ಬ ಹೆಂಗಸು ಜೀವ ಹೋಗೋ ಹಾಗೆ ಹಾಡ್ತಾಳೆ. ಮಾತು ಒಂದೂ ತಿಳಿಯಲ್ಲ. ತಿಳಿಯಲ್ಲ ಅಂದಮೇಲೆ ಅದು ಉಚ್ಚ ಕಲೆಯೇ ಇರಬೇಕು ಅಂತ ತೀರ್ಮಾನಿಸಿದೆ. ಶಿವಮೊಗ್ಗದ ಕೋಟೆ ಬೀದಿಯ ನಮ್ಮ ಮನೇಲಿ ಅದನ್ನ ಹಾಕಿದ ದಿನ ನನ್ನಾಕೆ ಜಯಶೀಲಾ ಸೌಟು ಹಿಡಿದೇ ಹೊರಗೆ ಬಂದಳು.

"ಏನ್ರೀ ಇದು?"

"ಒಪೆರಾ ಕಣೇ! ಪೂರ್ತಿ ಹಾಡಿನಲ್ಲೇ ನಡೆಯೋ ನಾಟಕ."

"ನಮ್ಮ ಕುಕ್ಕರ್ರೂ ಹೀಗೇ ಕೂಗುತ್ತೆ. ಅದರಿಂದ ಅನ್ನವಾದ್ರೂ ಆಗುತ್ತೆ!"

ಮನೇಲಿ ಕಲೆಗೆ ಬೆಲೆ ಇಲ್ಲದ ಮೇಲೆ ಕಲಾವಿದ ಊರು ಬಿಡಬೇಕು. ಪ್ರತಿ ಭಾನುವಾರ ಟೇಪ್‌ರೆಕಾರ್ಡರ್ ಹೊತ್ತು, ಬಸ್ಸಿನಲ್ಲಿ ನೇತಾಡಿ, ಭದ್ರಾವತಿಯ ನ್ಯೂ ಟೌನಿನಲ್ಲಿ ನನ್ನ ಹಳೇ ಗೆಳೆಯ ಷಣ್ಮುಖಪ್ಪನ ಕಾರ್ಖಾನೆ ಕ್ವಾರ್ಟರ್ಸಿಗೆ ಹೋಗೋಕೆ ಶುರು ಮಾಡಿದೆ. ಅವನ ಮಗಳು ತನುಜಾ, ಬಿ.ಎಸ್ಸಿ. ಕೊನೇ ವರ್ಷ. ಒಳ್ಳೇ ಕಂಠ. ದೊಡ್ಡವರಿಗೆ ಇಲ್ಲ ಅನ್ನೋಕೆ ಬರಲ್ಲ, ಪಾಪ. ಸಿಕ್ಕಿಬಿದ್ದಳು!

"ಅಂಕಲ್, ಇವಳು ಯಾಕೆ ಹೀಗೆ ಕಿರಚ್ತಾಳೆ?"

"ಸಾಯ್ತಿದ್ದಾಳಮ್ಮ." ನನಗೇನು ಗೊತ್ತು! ಗುರುವಾದವನು ಏನಾದ್ರೂ ಹೇಳಬೇಕಲ್ಲ.

"ಸಾಯೋಳಿಗೆ ಇಷ್ಟು ದಮ್ಮು ಎಲ್ಲಿಂದ ಬಂತು?"

ಶ್ರಾವಣ ಮುಗಿಯೋ ಹೊತ್ತಿಗೆ ಅವಳಿಗೂ ಆ ದಮ್ಮು ಬಂತು. ಒಂದು ಭಾನುವಾರ ಅವಳು ಮೇಲಿನ ಸ್ವರ ಹಿಡಿದಾಗ ಪಕ್ಕದ ಮನೆ ಏಕಾಂತಪ್ಪ ಕಾರ್ಖಾನೆ ಸೈರನ್ ಅಂದ್ಕೊಂಡು, ಊಟದ ಡಬ್ಬಿ ಸಿಕ್ಕಿಸಿಕೊಂಡು ಸೈಕಲ್ ಹತ್ತಿಬಿಟ್ಟ. ಗೇಟಿನಿಂದ ವಾಪಸ್ ಬಂದವನು ನನ್ನನ್ನು ನೋಡಿದ ನೋಟ, ಅಬ್ಬಾ!

ಅಷ್ಟರಲ್ಲಿ ಹೊಳಲೂರಿನಿಂದ ಹೆಣ್ಣು ನೋಡೋಕೆ ಬರ್ತಾರೆ ಅಂತಾಯ್ತು. ತನುಜಾ ನನ್ನನ್ನು ಹಿತ್ತಿಲಿಗೆ ಕರೆದು ಕಣ್ಣು ಒರೆಸಿಕೊಂಡಳು.

"ಅಂಕಲ್, ನಾನು ಬಿ.ಎಡ್. ಮಾಡಿ ಟೀಚರ್ ಆಗ್ಬೇಕು. ಅಪ್ಪ ನನ್ನ ಮಾತೇ ಕೇಳ್ತಿಲ್ಲ. ಹೇಗಾದ್ರೂ ಇದನ್ನ ತಪ್ಪಿಸಿ."

ಷಣ್ಮುಖಪ್ಪನಿಗೆ ಹೇಳಿ ನೋಡಿದೆ. "ನೀನು ಹಾಡು ನೋಡ್ಕೋ ಮಾರಾಯ, ಮದುವೆ ನಾನು ನೋಡ್ಕೋತೀನಿ" ಅಂದ.

ಹುಡುಗಿಯ ಮುಖ ನೋಡ್ತಾ ಹಿತ್ತಿಲಲ್ಲೇ ನಾಲ್ಕು ಸುತ್ತು ಹಾಕಿದೆ. ಆಗಲೇ ಹೊಳೆದಿದ್ದು ಉಪಾಯ. ಹೆಣ್ಣು ನೋಡೋಕೆ ಬಂದವರು ಹಾಡು ಹೇಳಿಸದೆ ಬಿಡ್ತಾರಾ?

"ಒಪೆರಾ ಹಾಡಮ್ಮ! ಹೆಸರಲ್ಲೇ ಇದೆಯಲ್ಲ, ಒಪ್ಪರಾ! ಕೇಳಿದವರು ಯಾರೂ ಒಪ್ಪರು!"

ಹೇಳಿದ ಮೇಲೆ ನನಗೇ ಸಂಕಟವಾಯ್ತು. ಊರಿಗೆ ಕಲೆ ತಂದವನು ಕೊನೆಗೆ ಅದನ್ನ ಕಾಗೆ ಓಡಿಸೋಕೆ ಬಳಸೋ ಹಾಗಾಯ್ತಲ್ಲ!

ಆ ದಿನ ಬಂತು. ತಮಾಷೆ ನೋಡೋಕೆ ಜಯಶೀಲಾಳೂ ನನ್ನ ಜೊತೆ ಹೊರಟಳು. ಗಂಡು ಪ್ರಸನ್ನಕುಮಾರ್, ಅವನ ಅಪ್ಪ, ಅಮ್ಮ, ಮೂಲೆಯ ಕುರ್ಚಿಯಲ್ಲಿ ಅಜ್ಜಿ ಸುವರ್ಣಮ್ಮ. ಉಪ್ಪಿಟ್ಟು, ಕೇಸರಿಬಾತು ಮುಗಿದವು.

"ಒಂದು ವಚನ ಹಾಡಮ್ಮ" ಅಂದರು ಗಂಡಿನ ತಾಯಿ.

ತನುಜಾ ಕಣ್ಣು ಮುಚ್ಚಿ, ಉಸಿರೆಳೆದು ಶುರು ಮಾಡಿದಳು ನೋಡಿ! ಪ್ರಸನ್ನಕುಮಾರನ ಕಾಫಿ ಅವನ ಪ್ಯಾಂಟಿನ ಮೇಲೆ. ಷಣ್ಮುಖಪ್ಪ ಬೆವೆತು ತೊಪ್ಪೆಯಾದ. ಗಂಡಿನ ಅಪ್ಪ ಚಪ್ಪಲಿ ಎಲ್ಲಿ ಬಿಟ್ಟೆ ಅಂತ ಬಾಗಿಲ ಕಡೆ ಕಣ್ಣಾಡಿಸಿದರು. ಗೆದ್ದೆ ಅಂದ್ಕೊಂಡೆ.

ಆಗ ಮೂಲೆಯಿಂದ ಚಪ್ಪಾಳೆ!

"ಲೋ ಪ್ರಸನ್ನ, ಕೇಳಿಸ್ತು! ನನಗೆ ಕೇಳಿಸ್ತು ಕಣೋ!"

ಸುವರ್ಣಮ್ಮ ಅಳ್ತಿದ್ದಾರೆ! ಅವರಿಗೆ ಕಿವಿ ಹೋಗಿ ವರ್ಷಗಳೇ ಆಗಿದ್ದವಂತೆ. ಮನೇಲಿ ಎಲ್ಲರೂ ನಕ್ಕರೆ ಇವರು ಸುಮ್ಮನೆ ಮುಖ ನೋಡ್ತಾ ಕೂತಿರ್ತಿದ್ದರಂತೆ. "ಇವಳೇ ನಮ್ಮನೆ ಸೊಸೆ!" ಅಂದುಬಿಟ್ಟರು. ಹಿರೀಕರ ಮಾತು, ಎದುರಾಡೋರು ಯಾರು? ಇಡೀ ಹೊಳಲೂರಿನ ಪಾರ್ಟಿ ಒಪ್ಪಿತು!

ತನುಜಾ ನನ್ನ ಕಡೆ ನೋಡಿದಳು. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಮನೆಯವರನ್ನ ಮೆಚ್ಚಿಸೋಕೂ ಆಗದ, ಬಂದವರನ್ನ ಓಡಿಸೋಕೂ ಆಗದ ಕಲೆ ನನ್ನದು! ಆದರೆ ಹುಡುಗಿ ಗಟ್ಟಿ. ಸೀದಾ ಅಜ್ಜಿಯ ಮುಂದೆ ನಿಂತು, ಅದೇ ಮೇಲಿನ ಸ್ವರದಲ್ಲಿ ಹಾಡಿಬಿಟ್ಟಳು:

"ಅಜ್ಜೀಈಈ... ನಾನು ಬಿ.ಎಡ್. ಮಾಡ್ಬೇಕೂಊಊ!"

"ಮಾಡು ತಾಯಿ! ಯಾರು ಬೇಡ ಅಂದೋರು?" ಅಜ್ಜಿ ಷಣ್ಮುಖಪ್ಪನನ್ನು ದುರುಗುಟ್ಟಿ ನೋಡಿದರು. "ಓದು ಮುಗಿಸ್ಕೊಂಡು ಬಾ. ಮದುವೆ ಎಲ್ಲಿಗೆ ಓಡಿಹೋಗುತ್ತೆ?"

ಷಣ್ಮುಖಪ್ಪ ಆಗಲಿ ಅಂತ ಗೋಣು ಆಡಿಸಿದ. ಪ್ರಸನ್ನಕುಮಾರ್ ಪ್ಯಾಂಟ್ ಒರೆಸಿಕೊಳ್ತಾ "ಖಂಡಿತ ಓದ್ಲಿ" ಅಂದ. ತನುಜಾ ಮೊದಲ ಸಲ ಅವನನ್ನು ಸರಿಯಾಗಿ ನೋಡಿ ನಕ್ಕಳು.

"ಈ ವಿದ್ಯೆ ಯಾರು ಕಲಿಸಿದ್ದು ಮಗಾ?" ಅಂತ ಅಜ್ಜಿ ಕೇಳಿದರು. ಅಷ್ಟೂ ಭಾನುವಾರಗಳ ಸುಸ್ತು ಒಂದೇ ಏಟಿಗೆ ಇಳಿಯಿತು! ಕಾಲರ್ ಸರಿ ಮಾಡ್ಕೊಂಡು ಮುಂದೆ ಹೋಗಿ "ನಾನೇ ಅಜ್ಜಿ!" ಅಂದೆ. ಕಲಿಸಿ ಕಲಿಸಿ ಕೂತುಹೋಗಿದ್ದ ಗಂಟಲಿಂದ ಬರೀ ಗಾಳಿ ಬಂತು. "ನಾನೇ! ನಾನೇ ಕಲಿಸಿದ್ದು!" ಅಂತ ಎದೆ ಬಡ್ಕೊಂಡೆ, ಕೈ ಬೀಸಿದೆ. ಸುವರ್ಣಮ್ಮ ನನ್ನ ಬಾಯನ್ನೇ ನೋಡಿ ನೋಡಿ, ಜಯಶೀಲಾಳ ಕೈ ಹಿಡಿದು ಮರುಗಿದರು.

"ಅಯ್ಯೋ ಪಾಪ, ನಿಮ್ಮ ಯಜಮಾನ್ರಿಗೆ ಹುಟ್ಟಿದಾಗಿಂದ ಮಾತು ಬರಲ್ವೇನಮ್ಮ?"

"ಅಷ್ಟು ಪುಣ್ಯ ನಾನೆಲ್ಲಿ ಮಾಡಿದ್ದೀನಿ ಅಜ್ಜಿ!" ಅಂದಳು ಜಯಶೀಲಾ.