ತೊಂಬತ್ತು ನಿಮಿಷ ಉಸಿರು ಬಿಗಿಹಿಡಿಯಲು ಹೊಗೆಕೊಳವೆಯವರಲ್ಲಿ ವಿನಂತಿ

ಲೋಬೆರಿಯಾ ಕೊಲ್ಲಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಿರಿಯ ಹೊಗೆಕೊಳವೆಯವರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಬುಡದಲ್ಲೇ ಹುಟ್ಟಿ, ತಮ್ಮ ನೆರಳಿನಲ್ಲೇ ಬೆಳೆದು, ತಮ್ಮ ಬೂದಿಯನ್ನು ಬೆಣ್ಣೆಯ ಜೊತೆಗೇ ಬ್ರೆಡ್ಡಿಗೆ ಸವರಿಕೊಂಡು ತಿನ್ನುತ್ತ ಬಂದಿರುವ ಹೆರಿಬೆರ್ತೊ ಕಾರ್ಕಮೊ, ಎಂದರೆ ವಾರವಿಡೀ ಎಂಪನಾಡ ಎಂಬ ಕಡುಬು ಕರಿದು ಮಾರುವವನೂ ಭಾನುವಾರ ಮಾತ್ರ 'ಎಸ್ತ್ರೆಯಾ ದೆಲ್ ಮಾರ್' ಫುಟ್‌ಬಾಲ್ ಸಂಘದ ಅಧ್ಯಕ್ಷನೂ ಆದ ನಾನು ಮಾಡುವ ಅನಂತ ನಮಸ್ಕಾರಗಳು. ಇತ್ತ ನಾವೆಲ್ಲ ಕೆಮ್ಮುತ್ತ ಕ್ಷೇಮ. ತಮ್ಮ ಕ್ಷೇಮವನ್ನು ಬರೆದು ಕೇಳಬೇಕಾಗಿಲ್ಲ, ಬಾಗಿಲು ತೆರೆದರೆ ಸಾಕು, ಕಾಣುತ್ತದೆ.

ಇದು ದೂರು ಎಂದು ದಯವಿಟ್ಟು ಭಾವಿಸಬಾರದು. ಹಲ್ಲು ಕಟಕಟಿಸುವಷ್ಟು ತಣ್ಣಗಿದ್ದ ನಮ್ಮ ಸಮುದ್ರಕ್ಕೆ ಬಿಸಿನೀರು ಬಿಟ್ಟು ಅದನ್ನು ಬಚ್ಚಲುಮನೆಯ ಹದಕ್ಕೆ ತಂದವರು ತಾವು. ಈಗ ಅದರಲ್ಲಿ ಏಡಿಗಳೇ ಇಲ್ಲದ್ದರಿಂದ ಸ್ನಾನಕ್ಕಿಳಿದ ಮಕ್ಕಳ ಕಾಲು ಕಚ್ಚಿಸಿಕೊಳ್ಳುವ ಭಯವೂ ಇಲ್ಲ. ನನ್ನ ಎಂಪನಾಡಗಳಿಗೆ ಹಿಂದೆ ಈ ಕೊಲ್ಲಿಯ ಚಿಪ್ಪುಮೀನು ತುಂಬುತ್ತಿದ್ದೆ, ಈಗ ಚೀಸ್ ತುಂಬಿ, ಪೇಟೆಯವರಿಗೆಲ್ಲ ಇದೇ ಇಷ್ಟ ಎಂದು ಬೊಗಳೆ ಬಿಡುತ್ತೇನೆ. ತಾವು ಹೆತ್ತ ಕರೆಂಟು ನಮ್ಮ ತಲೆಯ ಮೇಲಿನ ತಂತಿ ಹಿಡಿದು ದೂರದ ಗಣಿಗಳಿಗೆ ಹೋಗುತ್ತದೆ. ನಮ್ಮ ಸಂಘದ ಕೋಣೆಯಲ್ಲಿ ಮೇಣದ ಬತ್ತಿ ಇದೆ, ಅದಕ್ಕೇನೂ ಕೊರತೆಯಿಲ್ಲ.

ತಮ್ಮ ಕಂಪನಿಯವರು ನಮ್ಮ ಹೆಣ್ಣುಮಕ್ಕಳ ತಂಡಕ್ಕೆ ಅಂಗಿ ಹೊಲಿಸಿಕೊಡುವ ಔದಾರ್ಯ ತೋರಿ, ಬಣ್ಣ ನೀವೇ ಆರಿಸಿಕೊಳ್ಳಿ ಎಂದಾಗ, ಇಡೀ ಸಂಜೆ ಸಭೆ ಸೇರಿ, ಪಿಸ್ಕೋ ಮದ್ಯದ ಸೀಸೆಯನ್ನೂ ಖಾಲಿ ಮಾಡಿ, ಕೊನೆಗೆ ಬಿಳಿ ಬಣ್ಣವನ್ನು ಆರಿಸಿದ ಬುದ್ಧಿವಂತರು ನಾವು. ಹೊಗೆಕೊಳವೆಯ ಕೆಳಗೆ ಬಿಳಿ ಅಂಗಿ! ಆ ನಿರ್ಣಯಕ್ಕೆ ಮೊದಲು ಕೈ ಎತ್ತಿದವನು ಅಧ್ಯಕ್ಷ. ತಂಡದ ಅಂಗಿಗಳ ಮೂಟೆ ನಮ್ಮಲ್ಲಿ ಸರದಿಯಂತೆ ಮನೆಮನೆಗೆ ಒಗೆಯಲು ಹೋಗುತ್ತದೆ, ಮೊದಲ ಸರದಿ ನಮ್ಮದೇ ಆದ್ದರಿಂದ ನನ್ನ ಹೆಂಡತಿ ನೊಲ್ಫಾ ನನ್ನೊಂದಿಗೆ ಮಾತು ಬಿಟ್ಟಳು. ಅರ್ಧ ಆಟ ಮುಗಿಯುವಷ್ಟರಲ್ಲಿ ಎರಡೂ ತಂಡಗಳು ಒಂದೇ ಬೂದು ಬಣ್ಣಕ್ಕೆ ತಿರುಗಿ, ನಮ್ಮ ಹುಡುಗಿಯರು ಎದುರಾಳಿಗೇ ಚೆಂಡು ಕೊಟ್ಟು ಶಭಾಷ್ ಅನ್ನಿಸಿಕೊಳ್ಳುತ್ತಾರೆ. ಅಂಗಿಯ ಮೇಲೆ ತಮ್ಮ ಕಂಪನಿಯ ಹೆಸರಿದೆ. ಹಾಗಾಗಿ ನಮ್ಮ ಮಕ್ಕಳ ಎದೆಯ ಮೇಲೂ ತಾವೇ, ಎದೆಯ ಒಳಗೂ ತಾವೇ.

ಮೈದಾನಕ್ಕೆ ಎಳೆದ ಸುಣ್ಣದ ಗೆರೆಗಳ ಪಾಡೂ ಅಷ್ಟೇ. ಅವು ಬೂದಿಯಡಿ ಮುಚ್ಚಿಹೋಗುವುದರಿಂದ ಗೆರೆಯುದ್ದಕ್ಕೂ ಅಜ್ಜಿಯರನ್ನು ಕುರ್ಚಿ ಹಾಕಿ ಕೂರಿಸಿದ್ದೇವೆ. ಚೆಂಡು ಅಜ್ಜಿಗೆ ತಗುಲಿದರೆ ಹೊರಗೆ ಹೋಯಿತೆಂದು ಲೆಕ್ಕ. ಅಜ್ಜಿಯರು ಆಗಾಗ ಕುರ್ಚಿ ಮುಂದಕ್ಕೆ ಎಳೆದುಕೊಂಡು ನಮ್ಮನ್ನು ಗೆಲ್ಲಿಸಿದ್ದೂ ಉಂಟು.

ಇನ್ನು ವಿಷಯಕ್ಕೆ ಬರುತ್ತೇನೆ. ಸಂಘ ಹುಟ್ಟಿದ ಮೇಲೆ ಮೊದಲ ಬಾರಿಗೆ ನಮ್ಮ ತಂಡ ಫೈನಲ್ ಸೇರಿದೆ. ಚೀಟಿ ಎತ್ತಿದಾಗ ಆಟ ನಮ್ಮ ಮೈದಾನಕ್ಕೇ ಬಂದಿದೆ. ಆದರೆ ಬೆಟ್ಟದಾಚೆಯ ಸಾಂತಾ ಎಲ್ವಿರಾ ತಂಡದವರು ಅವರೂರಿನ ವೈದ್ಯರಿಂದ ಪತ್ರ ತಂದು, ಲೋಬೆರಿಯಾದ ಗಾಳಿಯಲ್ಲಿ ತೊಂಬತ್ತು ನಿಮಿಷ ಓಡುವುದು ಮಕ್ಕಳ ಜೀವಕ್ಕೆ ಅಪಾಯ ಎಂದು ಲೀಗ್ ಸಮಿತಿಯನ್ನು ಒಪ್ಪಿಸಿಬಿಟ್ಟಿದ್ದಾರೆ. ಭಾನುವಾರ ತಮ್ಮ ಹೊಗೆ ನಿಂತರೆ ಆಟ ಇಲ್ಲಿ, ಇಲ್ಲವಾದರೆ ಅಲ್ಲಿ ಎಂದು ಸಮಿತಿಯ ತೀರ್ಪು. ನಾನು ಸಮಿತಿಯ ಎದುರು ಮೇಜು ಗುದ್ದಿ, ಇದು ನಮ್ಮೂರ ಗಾಳಿಗೆ ಮಾಡಿದ ಅವಮಾನ ಎಂದು ಭಾಷಣ ಬಿಗಿದೆ. ಭಾಷಣ ಚೆನ್ನಾಗಿಯೇ ಇತ್ತು, ನಡುವೆ ಕೆಮ್ಮು ಬಂದು ಮುಗಿಸಲಾಗಲಿಲ್ಲ.

ನಮ್ಮ ಗೋಲ್‌ಕೀಪರ್ ನನ್ನ ಮಗಳು ಯಸ್ನಾ. ಅವಳ ಇನ್ಹೇಲರ್ ಸದಾ ಗೋಲುಕಂಬದ ಹಿಂದೆ ನನ್ನ ಟೋಪಿಯೊಳಗೆ ಇರುತ್ತದೆ. ಚೆಂಡು ಆ ತುದಿಗೆ ಹೋದಾಗ ಒಮ್ಮೆ ಎಳೆದುಕೊಂಡು ಬಂದು ನಿಲ್ಲುತ್ತಾಳೆ. ನಾನು ಮನೆಗೆ ಬಂದು ಆ ವೈದ್ಯರ ಪತ್ರವನ್ನು ವ್ಯಂಗ್ಯವಾಗಿ ಓದಿ ನಗಿಸಲು ಹೋದರೆ ಅವಳು ನಗಲಿಲ್ಲ.

"ಅಪ್ಪಾ, ಅವ್ರಿಗೆ ಒಂದೂವರೆ ಗಂಟೆ ತಡ್ಕೊಳೋಕಾಗಲ್ವಂತೆ. ಹಂಗಾದ್ರೆ ನಮಗೆ ಹೆಂಗಾಗುತ್ತೆ ಅಂತ ಯಾರೂ ಕೇಳ್ಲಿಲ್ವಾ?"

ಕೇಳಬೇಕಾದವನು ಅಧ್ಯಕ್ಷ ತಾನೇ. ಅವನು ಗಾಳಿಯ ಮರ್ಯಾದೆ ಕಾಯುವುದರಲ್ಲಿ ಮುಳುಗಿಹೋಗಿದ್ದ. ನನಗೆ ನಾಚಿಕೆಯಾಯಿತು.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ಭಾನುವಾರ ಆಟ ಮುಗಿಯುವ ತನಕ ಉಸಿರು ಬಿಗಿಹಿಡಿಯಬೇಕೆಂದು ಪ್ರಾರ್ಥನೆ. ವಿರಾಮದಲ್ಲಿ ಸಮುದ್ರದ ಕಡೆ ಮುಖ ಮಾಡಿ ಒಮ್ಮೆ ಬಿಟ್ಟುಕೊಳ್ಳಬಹುದು. ಅದು ಕಷ್ಟವಾದರೆ, ಅಭ್ಯಾಸವಿರುವ ನಮ್ಮ ಹುಡುಗಿ ತನ್ನ ಇನ್ಹೇಲರನ್ನು ತಮಗೆ ಕೊಡಲು ಸಿದ್ಧಳಿದ್ದಾಳೆ. ಅದೂ ಆಗದಿದ್ದರೆ, ಲೋಬೆರಿಯಾದಲ್ಲಿ ಹುಟ್ಟಿದವರೆಲ್ಲರೂ ಇಲ್ಲಿಗೆ ಬಂದ ಅತಿಥಿಗಳೇ ಎಂದು ಒಂದು ಸಾಲು ಬರೆದುಕೊಡಿ. ಅತಿಥಿಗಳ ಜೀವಕ್ಕೆ ಈ ಊರಿನಲ್ಲಿ ಬಹಳ ಬೆಲೆಯಿದೆ.

ತಮ್ಮ ಬೂದಿಗೆ ಸದಾ ಪಾತ್ರನಾದ,
ತಮ್ಮ ವಿಶ್ವಾಸಿ,
ಹೆರಿಬೆರ್ತೊ ಕಾರ್ಕಮೊ

ಮರೆತ ಮಾತು: ಈ ಪತ್ರ ಅಂಚೆಗೆ ಬೀಳುವ ಮೊದಲೇ ಭಾನುವಾರ ಬಂದು ಹೋಯಿತು. ತಾವು ಉಸಿರು ಬಿಗಿಹಿಡಿಯಲಿಲ್ಲ, ಆಟ ಬೆಟ್ಟದಾಚೆ ನಡೆಯಿತು, ನಾವು ಸೋತೆವು. ಅಂಗಿಗಳು ಬೆಳ್ಳಗೆ ವಾಪಸು ಬಂದವು. ನೊಲ್ಫಾ ಅಭ್ಯಾಸಬಲದಿಂದ ಅವನ್ನು ಒಗೆದು ಹೊರಗೆ ಒಣಹಾಕಿದ್ದರಿಂದ ಈಗ ಬೂದು ಬಣ್ಣಕ್ಕೆ ತಿರುಗಿವೆ. ಟೋಪಿಯಲ್ಲಿದ್ದ ಇನ್ಹೇಲರನ್ನು ಯಸ್ನಾ ಆಟ ಮುಗಿಯುವವರೆಗೂ ಮುಟ್ಟಲೇ ಇಲ್ಲ. ಬಸ್ಸು ಬೆಟ್ಟ ಇಳಿದು ತಾವು ಕಾಣಿಸುವ ತಿರುವಿಗೆ ಬಂದಾಗ ಅದನ್ನು ಕೈಗೆತ್ತಿಕೊಂಡು ಕೇಳಿದಳು: "ಅಪ್ಪಾ, ಮುಂದಿನ ವರ್ಷ ಎಲ್ಲಾ ಆಟಾನೂ ಬೇರೆ ಊರಲ್ಲೇ ಆಡೋಣ್ವಾ?" ನಮ್ಮೂರ ಮೈದಾನವೇ ಪ್ರಾಣ ಎಂದು ಬೀಗುತ್ತಿದ್ದ ಅಧ್ಯಕ್ಷನಿಗೆ ಏನು ಹೇಳಬೇಕೋ ತೋಚಲಿಲ್ಲ. ತಮಗೆ ತೋಚಿದರೆ ತಿಳಿಸಿ. ವಿಳಾಸ ಬೇಕಾಗಿಲ್ಲ, ತಾವು ಬಿಟ್ಟದ್ದೆಲ್ಲ ನಮ್ಮ ಮನೆಗೇ ಬಂದು ಬೀಳುತ್ತದೆ.