ಹೆಂಡತಿಗೆ ಎದುರು ವಕೀಲನಾಗಿ

ಕಾನೂನು ಓದುವುದೆಂದರೆ ದಪ್ಪ ಪುಸ್ತಕಗಳನ್ನು ತಲೆದಿಂಬು ಮಾಡಿಕೊಂಡು ಮೂರು ವರ್ಷ ಕಳೆದು, ಕೊನೆಗೊಂದು ಕರಿ ಕೋಟು ಹೊಲಿಸಿಕೊಳ್ಳುವುದು ಎಂದೇ ನಾನು ನಂಬಿದ್ದೆ. ಈ ನಂಬಿಕೆಗೆ ಆಧಾರವೂ ಇತ್ತು. ಅರಸೀಕೆರೆಯಲ್ಲಿ ನನ್ನ ಜೊತೆ ಓದಿದ ಒಬ್ಬಿಬ್ಬರು, ಬೇರೆ ಕೆಲಸ ಸಿಗುವವರೆಗೆ ಇರಲಿ ಎಂದು ಲಾ ಸೇರಿದ್ದರು; ಅವರು ತರಗತಿಯಲ್ಲಿ ಇರುತ್ತಿದ್ದರೋ ಇಲ್ಲವೋ, ಸ್ಟೇಷನ್ ಎದುರಿನ ಹೋಟೆಲಿನಲ್ಲಂತೂ ತಪ್ಪದೆ ಇರುತ್ತಿದ್ದರು. ಕೊಬ್ಬರಿ ವ್ಯಾಪಾರ ಮಾಡುವ ನನಗೆ ಇದಕ್ಕಿಂತ ಹೆಚ್ಚು ತಿಳಿಯುವ ಅಗತ್ಯವೂ ಬಿದ್ದಿರಲಿಲ್ಲ. ಮಕ್ಕಳಿಬ್ಬರೂ ಹಾಸ್ಟೆಲು ಸೇರಿದ ವರ್ಷ ನನ್ನ ಹೆಂಡತಿ ಸುಮಂಗಲ, ಮದುವೆಗೆ ಮುಂಚೆ ತವರೂರು ಬೇಲೂರಿನಲ್ಲಿ ಮುಗಿಸಿದ್ದ ಬಿ.ಎ. ಪದವಿಯ ಧೂಳು ಕೊಡವಿ, "ರೀ, ನಾನು ಎಲ್‌ಎಲ್‌ಬಿಗೆ ಸೇರ್ತೀನಿ" ಅಂದಳು. ನಾನು ದೊಡ್ಡ ಮನಸ್ಸು ಮಾಡಿದವನಂತೆ, "ಸೇರ್ಕೋ, ಹೊತ್ತು ಹೋಗುತ್ತೆ" ಅಂದೆ.

ಹೊತ್ತು ಹೋಯಿತು ನಿಜ, ನನ್ನದು. ಬೆಳಗಿನ ರೈಲಿಗೆ ಅವಳು ಹಾಸನಕ್ಕೆ ಹೊರಟರೆ ಮನೆ ಬಾಗಿಲು ತೊಳೆಯುವುದರಿಂದ ಹಿಡಿದು ಹಾಲು ಉಕ್ಕಿಸುವವರೆಗೆ ಎಲ್ಲವೂ ನನ್ನ ಪಾಲಿಗೆ ಬಂತು. ಉಕ್ಕಿಸುವುದು ಎಂದು ತಿಳಿದೇ ಬರೆದಿದ್ದೇನೆ. ಆದರೆ ಅವಳು ಓದುವ ಚಂದ ನೋಡಿದ ಮೇಲೆ ದೂರು ಹೇಳಲು ಬಾಯಿ ಬರಲಿಲ್ಲ. ನಮ್ಮ ಮಂಡಿಯಲ್ಲಿ ಕೊಬ್ಬರಿ ಆರಿಸುವ ಹೆಂಗಸರು ಒಂದೊಂದನ್ನೇ ಎತ್ತಿ, ತಿರುಗಿಸಿ, ತಟ್ಟಿ ನೋಡಿ ಇಡುತ್ತಾರಲ್ಲ, ಹಾಗೆ ಇವಳು ಒಂದು ಸೆಕ್ಷನ್ನಿನ ಒಂದೊಂದು ಪದವನ್ನೂ ಪರೀಕ್ಷೆ ಮಾಡುತ್ತಾಳೆ. ಹಳೆಯ ದಂಡಸಂಹಿತೆ ಹೋಗಿ ಹೊಸದು ಬಂದು, ತಲೆ ನರೆತ ವಕೀಲರೇ ನಂಬರು ತಡಕಾಡುತ್ತಿರುವಾಗ ಇವಳು ಎರಡನ್ನೂ ಪಟಪಟನೆ ಹೇಳುತ್ತಾಳೆ. ನಾವು ಮಾರುಕಟ್ಟೆಯಲ್ಲಿ ಇಷ್ಟು ವರ್ಷ ಒಬ್ಬರನ್ನೊಬ್ಬರು ಪ್ರೀತಿಯಿಂದ ಕರೆದುಕೊಳ್ಳುತ್ತಿದ್ದ 'ಫೋರ್ ಟ್ವೆಂಟಿ' ಈಗ ಮುನ್ನೂರ ಹದಿನೆಂಟು ಆಗಿದೆ ಎಂದು ಹೇಳಿಕೊಟ್ಟವಳೂ ಅವಳೇ. ಮರುದಿನವೇ ಗೆಳೆಯನೊಬ್ಬನನ್ನು "ಮುನ್ನೂರ ಹದಿನೆಂಟು ನನ್ಮಗ" ಎಂದು ಬೈದು ನೋಡಿದೆ. ಅವನು, "ಅದ್ಯಾವ ಬಸ್ಸಿನ ನಂಬರ್ಲಾ?" ಅಂದ.

ಇಷ್ಟೆಲ್ಲ ತಲೆಯಲ್ಲಿದ್ದರೂ ಅವಳಿಗೆ ಒಂದು ಕಷ್ಟವಿತ್ತು. ಅಣಕು ನ್ಯಾಯಾಲಯ ಎಂಬುದೊಂದಿದೆ. ಕಾಲೇಜಿನವರು ಒಂದು ಕಲ್ಪಿತ ವ್ಯಾಜ್ಯ ಕೊಡುತ್ತಾರೆ. ವಿದ್ಯಾರ್ಥಿಗಳು ವಾದಿ ಪ್ರತಿವಾದಿಗಳ ಪರ ನಿಂತು ನಿಜವಾದ ಕೋರ್ಟಿನಂತೆಯೇ ವಾದಿಸಬೇಕು. ಅದನ್ನು ಮಾಡದೆ ಪದವಿ ಇಲ್ಲ. ಮೊದಲ ಸಲ ಎದ್ದು ನಿಂತ ಸುಮಂಗಲ ಒಂದು ಮಾತೂ ಆಡದೆ ಕೂತುಬಿಟ್ಟಳಂತೆ. ಅವತ್ತು ಸಂಜೆ ಮನೆಗೆ ಬಂದವಳು ಹೆಗಲಿನ ಬ್ಯಾಗು ಕೂಡ ಇಳಿಸದೆ, "ಎಲ್ಲಾ ಗೊತ್ತಿತ್ತು ರೀ, ಬಾಯೇ ಬರಲಿಲ್ಲ. ಇನ್ನೊಂದ್ಸಲ ಹಿಂಗಾದ್ರೆ ಓದು ಬಿಟ್ಬಿಡ್ತೀನಿ" ಅಂದಳು. ನನಗೆ ನಿಜಕ್ಕೂ ಸಂಕಟವಾಯಿತು. ಅಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದ ನನ್ನ ಅಮ್ಮ ತಲೆಯೆತ್ತಿದಳು. ಈ ಮನೆಗೆ ಬಂದಾಗಿನಿಂದ ಸುಮಂಗಲ ಅವಳ ಮುಂದೆ ಒಂದು ದಿನವೂ ದನಿ ಏರಿಸಿದವಳಲ್ಲ. "ಬಿಡೋದ್ಯಾಕೆ? ನನ್ ಮುಂದೆ ಮಾತಾಡು, ನಾನೇ ಜಡ್ಜು. ನನ್ ಮುಂದೆ ಬಾಯಿ ಬಂತು ಅಂದ್ರೆ ಇನ್ಯಾರ ಮುಂದಾದ್ರೂ ಬತ್ತೈತೆ" ಅಂದಳು ಅಮ್ಮ. ತನ್ನ ಪ್ರತಾಪ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹೀಗೆ ನಮ್ಮ ನಡುಮನೆಯಲ್ಲಿ ಕಲಾಪ ಶುರುವಾಯಿತು. ಈ ಸಲದ ವ್ಯಾಜ್ಯ ಇಷ್ಟೇ: ಮದುವೆಗೆಂದು ಒಪ್ಪಿಕೊಂಡಿದ್ದ ಛತ್ರವನ್ನು ಮಾಲೀಕ ಅದೇ ದಿನಕ್ಕೆ ಬೇರೆಯವರಿಗೆ ಕೊಟ್ಟಿದ್ದಾನೆ, ಹೆಣ್ಣಿನ ಕಡೆಯವರು ಪರಿಹಾರ ಕೇಳಿದ್ದಾರೆ. ಸುಮಂಗಲ ಹೆಣ್ಣಿನ ಕಡೆ. ಮಾಲೀಕನ ಪರ ನಿಲ್ಲಲು ಮನೆಯಲ್ಲಿ ಉಳಿದಿದ್ದವನು ನಾನೊಬ್ಬನೇ. ಅಮ್ಮ ಮಂಚದ ಮೇಲೆ ಕಾಲು ಮಡಚಿ ಕೂತು, ಸೆರಗು ಸರಿಮಾಡಿಕೊಂಡು, "ಹುಡುಗಿ ಯಾವೂರೋಳು?" ಅಂದಳು.

"ಅದು ಕೊಟ್ಟಿಲ್ಲ ಅತ್ತೆ. ಬರೀ 'ಅ' ಅಂತಿದೆ."

"ಹೆಣ್ಮಗೀಗೆ ಹಂಗೂ ಹೆಸರಿಡ್ತಾರಾ? ಗೆಂಡೆಹಳ್ಳಿ ಹುಡುಗಿ ಅನ್ಕೋ. ಛತ್ರ ಹಳೇಬೀಡಲ್ಲೈತೆ ಅನ್ಕೋ. ಇಲ್ದಿದ್ರೆ ನಂಗೆ ಕಣ್ಣಿಗೆ ಕಟ್ಟಲ್ಲ."

ನಾನು ಎದ್ದು, "ಮಹಾಸ್ವಾಮಿ, ಮುಂಗಡವನ್ನೇ ಕೊಟ್ಟಿರಲಿಲ್ಲ" ಎಂದು ಶುರುಮಾಡಿದರೆ, "ಆಡಿದ ಮಾತಿಗೆ ಬೆಲೆ ಇಲ್ವೇನೋ ನಿಂಗೆ?" ಎಂದು ನ್ಯಾಯಪೀಠ ನನ್ನನ್ನೇ ಗದರುತ್ತಿತ್ತು. ಸುಮಂಗಲ ಮೊದಮೊದಲು ಪಿಸುಗುಟ್ಟಿದಳು, ಆಮೇಲೆ ಮಾತಾಡಿದಳು. ಒಂದು ಸಂಜೆಯಂತೂ, "ನ್ಯಾಯಾಲಯ ನನ್ನ ಮಾತನ್ನು ದಯವಿಟ್ಟು ಪೂರ್ತಿ ಕೇಳಬೇಕು" ಎಂದು ಅತ್ತೆಯ ಬಾಯನ್ನೇ ತಡೆದಳು. ಅಮ್ಮ ಮೆಲ್ಲಗೆ, "ಹೇಳಮ್ಮ" ಅಂದಳು. ನನಗೆ ಹೆಚ್ಚು ಬೆರಗಾದದ್ದು ಆಮೇಲೆ. ತನ್ನ ವಾದ ಮುಗಿಸಿದವಳು ಈ ಕಡೆಗೆ ಬಂದು, ಅದೇ ಮಾಲೀಕನ ಪರ ನನಗಿಂತ ಸೊಗಸಾಗಿ ವಾದಿಸಿ ತೋರಿಸಿದಳು. "ಎದುರಿನವರ ವಾದ ಅವರಿಗಿಂತ ಚೆನ್ನಾಗಿ ನಮಗೆ ಗೊತ್ತಿರಬೇಕು ರೀ" ಅಂದಳು. ಸಂಸಾರದಲ್ಲಿ ಇಷ್ಟು ವರ್ಷ ಒಂದೇ ಕಡೆಯಿಂದ ವಾದಿಸಿಕೊಂಡು ಬಂದ ನಾನು ಆ ಮಾತನ್ನು ಬಹಳ ಹೊತ್ತು ಮೆಲುಕು ಹಾಕಿದೆ.

ಕಾಲೇಜಿನಲ್ಲಿ ವಾದದ ದಿನ ಮನೆಯವರೂ ಬಂದು ನೋಡಬಹುದು ಎಂದಿದ್ದರು. ಅಮ್ಮನಿಗೆ ಮಂಡಿನೋವು, ನಾನೊಬ್ಬನೇ ಹೋದೆ. ನ್ಯಾಯಾಧೀಶರ ಕುರ್ಚಿಯಲ್ಲಿ ಹಿರಿಯ ವಕೀಲರೊಬ್ಬರು ಕೂತಿದ್ದರು. ಕರಿ ಕೋಟು ಹಾಕಿಕೊಂಡು ಎದ್ದು ನಿಂತ ಸುಮಂಗಲಳನ್ನು ಕಂಡು ನನ್ನ ಎದೆ ತುಂಬಿ ಬಂತು. ಆದರೆ ಅವಳ ಬಾಯಿ ತೆರೆಯಲಿಲ್ಲ. ಕೈಯಲ್ಲಿದ್ದ ಹಾಳೆಯನ್ನು ಹಿಂದೆಮುಂದೆ ತಿರುಗಿಸಿದಳು. ನ್ಯಾಯಾಧೀಶರು ಕಾದು ನೋಡಿ, "ಇರಲಿ, ಸುಧಾರಿಸಿಕೊಳ್ಳಿ. ಪ್ರತಿವಾದಿಯ ಪರ ಯಾರಿದ್ದೀರಿ?" ಎಂದರು.

"ನಾನು ಮಹಾಸ್ವಾಮಿ" ಎಂದು ನಾನು ಎದ್ದು ನಿಂತೆ.

ಅಭ್ಯಾಸ, ಇನ್ನೇನು! ಎದುರು ವಕೀಲನಾಗಬೇಕಿದ್ದ ಹುಡುಗ ಅರ್ಧ ಎದ್ದವನು ಹಾಗೇ ನನ್ನನ್ನು ನೋಡುತ್ತ ನಿಂತ. ಸಭೆ ಗೊಳ್ಳೆಂದಿತು. "ತಾವು ಯಾರು?" ಎಂದು ನ್ಯಾಯಾಧೀಶರು ಕೇಳಿದರು. ನನಗೆ ನನ್ನ ಹೆಸರು ಕೂಡ ನೆನಪಾಗಲಿಲ್ಲ. ಆಗ ಸುಮಂಗಲ ತಿರುಗಿ ನನ್ನನ್ನು ನೋಡಿದಳು. ಹಾಳೆಯನ್ನು ಮೇಜಿನ ಮೇಲಿಟ್ಟಳು.

"ಮಹಾಸ್ವಾಮಿ, ಇವರು ನಮ್ಮ ಯಜಮಾನರು. ನನಗೆ ಅಭ್ಯಾಸವಾಗಲಿ ಅಂತ ಮನೆಯಲ್ಲಿ ದಿನಾ ಎದುರು ವಕೀಲರಾಗಿ ನಿಲ್ಲುತ್ತಿದ್ದರು. ಈ ಪ್ರಕರಣದಲ್ಲಿ ಇವರಿಗೆ ವಕಾಲತ್ತು ಇಲ್ಲ. ಇವರು ಎದ್ದದ್ದರಲ್ಲಿ ದುರುದ್ದೇಶವೂ ಇಲ್ಲ. ದಯವಿಟ್ಟು ಕೂತುಕೊಳ್ಳಲು ಅನುಮತಿ ಕೊಡಬೇಕು."

"ಅನುಮತಿ ಕೊಟ್ಟಿದೆ" ಎಂದರು ನ್ಯಾಯಾಧೀಶರು, ನಗು ತಡೆದುಕೊಂಡು. ನಾನು ಕೂತೆ. ಅವಳು ಕೂರಲಿಲ್ಲ. ಅದೇ ದನಿಯಲ್ಲಿ, ಅದೇ ಉಸಿರಿನಲ್ಲಿ ಗೆಂಡೆಹಳ್ಳಿ ಹುಡುಗಿಯ ವಾದ ಶುರುಮಾಡಿದವಳು ಕೊನೆಯವರೆಗೂ ನಿಲ್ಲಿಸಲಿಲ್ಲ. ನನ್ನ ಕಣ್ಣು ಒದ್ದೆಯಾದದ್ದನ್ನು ಪಕ್ಕದಲ್ಲಿದ್ದವರು ಅವಮಾನಕ್ಕೆ ಎಂದುಕೊಂಡಿರಬೇಕು.

ಮನೆಗೆ ಬಂದು ಅಮ್ಮನಿಗೆ ನಾನೇ ಎಲ್ಲವನ್ನೂ ವರದಿ ಮಾಡಿದೆ. ಸ್ವಲ್ಪ ಜಂಬದಿಂದಲೇ, "ನೋಡಮ್ಮ, ನಿನ್ನ ಸೊಸೆ ಕೋರ್ಟಲ್ಲಿ ಬಾಯಿಬಿಟ್ಟು ಗೆಲ್ಲಿಸಿದ ಮೊದಲನೇ ಕಕ್ಷಿದಾರ ನಾನೇ" ಅಂದೆ. ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ಸುಮಂಗಲಳ ಕಡೆ ತಿರುಗಿದಳು.

"ಇವನ ಪರ ನಿಂತು ಗೆದ್ಯಾ? ಹಂಗಾದ್ರೆ ಇನ್ಯಾವ ಕೇಸಿಗೂ ಹೆದರ್ಬೇಡ ಕಣಮ್ಮ."